ಕ್ಲಿನಿಕ್ಕಿಗೆ ಬಂದವರನ್ನಷ್ಟೇ ಕೇಳಿದರೆ ಸಾಕಾ?

ಕಾಸರಗೋಡಿನ ಕುಂಬಳೆ ಕಡೆಯ ಹಿರಿಯರು ಬಿಪಿ ಮಾತ್ರೆ ತಪ್ಪದೆ ತೆಗೆದುಕೊಳ್ಳುತ್ತಾರಾ ಅಂತ ನಿಮ್ಮ ಎಂ.ಎಸ್ಸಿ. ನರ್ಸಿಂಗ್ ಪ್ರಬಂಧಕ್ಕೆ ನೋಡಬೇಕು, ಕ್ಲಿನಿಕ್ಕಿಗೆ ಬರುವ 60 ಜನರನ್ನು ಕೇಳಿದರೆ ಸಾಕಾ ಅಂತ ಕೇಳಿದ್ದೀರಿ. ಈ ವಿಷಯಕ್ಕೆ ಸಾಕಾಗುವುದಿಲ್ಲ. ನಾನೂ ಇದೇ ತಪ್ಪು ಮಾಡಿದವಳು.

ನಾನು ಬದಿಯಡ್ಕ ಕಡೆಯವಳು. ಓದುವಾಗ ಒಂದು ಆಸ್ಪತ್ರೆಯ ಬಿಪಿ-ಶುಗರ್ ಕ್ಲಿನಿಕ್ಕಿನ ಹೊರಗೆ ಬೆಂಚಿನಲ್ಲಿ ಕೂತು 60 ಜನರನ್ನು ಕೇಳಿದೆ. ಎರಡೇ ವಾರದಲ್ಲಿ ಮುಗಿಯಿತು. ಹೆಚ್ಚಿನವರು ಮಾತ್ರೆ ಸರಿಯಾಗಿ ತೆಗೆದುಕೊಳ್ಳುವವರೇ. ಕೆಲಸಕ್ಕೆ ಸೇರಿ ಮನೆಭೇಟಿಗೆ ಹೋಗತೊಡಗಿದ ಮೇಲೆ ಬೇರೆಯೇ ಕಂಡಿತು. ಒಬ್ಬರು ಅಜ್ಜಿ ಜಗಲಿಯಲ್ಲಿ ಮಡಿಲ ಮೇಲೆ ಗೆರಸೆ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. ಮಾತ್ರೆ ಎಲ್ಲಿ ಅಂತ ಕೇಳಿದ್ದಕ್ಕೆ ಎಲೆಅಡಿಕೆ ಡಬ್ಬಿಯ ತಳದಿಂದ ಎರಡು ಸ್ಟ್ರಿಪ್ ತೆಗೆದರು. ಒಂದು ಹಾಗೇ ಇತ್ತು, ಇನ್ನೊಂದರಲ್ಲಿ ಮೂರು ಮಾತ್ರೆ ಖಾಲಿ. "ತಲೆ ತಿರುಗಿದ ದಿನ ಮಾತ್ರ ತೆಗೊಳ್ಳುವುದು ಮಗಳೇ" ಅಂದರು. ಕ್ಲಿನಿಕ್ಕಿಗೆ ಹೋಗದೆ ವರ್ಷವಾಗಿತ್ತು.

ಮಾತ್ರೆ ಬಿಟ್ಟವರು ಮಾತ್ರೆ ತರಲು ಬರುವುದಿಲ್ಲ, ಅಲ್ವಾ? ಆ ಬೆಂಚಿನಲ್ಲಿ ನಾನು ಎಷ್ಟು ದಿನ ಕೂತರೂ ಈ ಅಜ್ಜಿ ಸಿಗುತ್ತಿರಲಿಲ್ಲ. 60ರ ಬದಲು 600 ಜನರನ್ನು ಕೇಳಿದ್ದರೂ ಅಷ್ಟೇ. ನಮ್ಮ ಕಡೆ ಕೈಯಲ್ಲಿ ದುಡ್ಡಿದ್ದವರು ಮಂಗಳೂರಿನ ಆಸ್ಪತ್ರೆಗೆ ಹೋಗುವುದೂ ಜಾಸ್ತಿ. ಅವರೂ ಬಿಟ್ಟುಹೋಗುತ್ತಾರೆ.

ಹಾಗಾಗಿ ಮೊದಲು ಪಟ್ಟಿ ಮಾಡಿ. ಇದನ್ನೇ ಸ್ಯಾಂಪ್ಲಿಂಗ್ ಫ್ರೇಮ್ ಅನ್ನುವುದು. ಕೇರಳದಲ್ಲಿ 30 ವರ್ಷ ದಾಟಿದವರ ತಪಾಸಣೆಗೆ ಆಶಾದವರು ಶೈಲಿ ಆ್ಯಪ್ ಹಿಡಿದು ಮನೆಮನೆಗೆ ಹೋಗುತ್ತಾರೆ, ಯಾವ ಮನೆಯಲ್ಲಿ ಯಾರಿಗೆ ಬಿಪಿ ಇದೆ ಅಂತ ಅವರಿಗೆ ಗೊತ್ತಿರುತ್ತದೆ. ಎಥಿಕ್ಸ್ ಕಮಿಟಿಯ ಒಪ್ಪಿಗೆ, ಮೆಡಿಕಲ್ ಆಫೀಸರ್ ಅನುಮತಿ ಪಡೆದು ಅವರ ಜೊತೆ ಕೂತು ಪಟ್ಟಿ ಬರೆಯಿರಿ.

ನಿಮ್ಮ ವಾರ್ಡುಗಳಲ್ಲಿ ಬಿಪಿ ಇರುವ ಹಿರಿಯರು 540 ಜನ ಸಿಕ್ಕರು ಅಂತಿಟ್ಟುಕೊಳ್ಳಿ. ಅರ್ಧದಷ್ಟು ಜನ ಸರಿಯಾಗಿ ತೆಗೆದುಕೊಳ್ಳುತ್ತಾರೆ ಅಂತ ಊಹಿಸಿ, ಶೇ. 5 ತಪ್ಪಿಗೆ (ನಮ್ಮ ಉತ್ತರ ನಿಜಕ್ಕಿಂತ ಐದರಷ್ಟು ಹೆಚ್ಚುಕಡಿಮೆ ಇರಬಹುದು), ಶೇ. 95 ವಿಶ್ವಾಸಕ್ಕೆ (ನೂರು ಸಲ ಹೀಗೆ ಕೇಳಿದರೆ 95 ಸಲ ಆ ಅಂತರದೊಳಗೇ ಬರುತ್ತದೆ) ಲೆಕ್ಕ ಹಾಕಿದರೆ ದೊಡ್ಡ ಊರಿಗೆ 385 ಜನ ಬೇಕು ಅಂತ ಬರುತ್ತದೆ. ಒಬ್ಬರೇ ಮಾಡುವ ಪ್ರಬಂಧಕ್ಕೆ ಇದು ಕಷ್ಟ. ಶೇ. 10 ತಪ್ಪು ಒಪ್ಪಿಕೊಂಡರೆ 97. ಇರುವುದೇ 540 ಜನ ಅಂತ ತಿದ್ದಿದರೆ 82. ಸಿಗದವರಿಗಾಗಿ ಇನ್ನು ಹತ್ತು ಶೇಕಡಾ ಸೇರಿಸಿ 90 ಮಾಡಿ. 540ನ್ನು 90ರಿಂದ ಭಾಗಿಸಿದರೆ 6. ಒಂದರಿಂದ ಆರರವರೆಗೆ ಚೀಟಿ ಬರೆದು ಒಂದು ಎತ್ತಿ. 4 ಬಂದರೆ ಪಟ್ಟಿಯ 4ನೆಯವರು, 10ನೆಯವರು, 16ನೆಯವರು, ಹೀಗೆ ಕೊನೆಯವರೆಗೆ. ಇದು ಸಿಸ್ಟಮ್ಯಾಟಿಕ್ ಸ್ಯಾಂಪ್ಲಿಂಗ್. ದಾರಿಯಲ್ಲಿ ಸಿಕ್ಕವರನ್ನು ಕೇಳಿ ರ‍್ಯಾಂಡಮ್ (ಎಲ್ಲರಿಗೂ ಸಮ ಅವಕಾಶ ಕೊಟ್ಟು ಆರಿಸಿದ್ದು) ಅಂತ ಮಾತ್ರ ಬರೆಯಬೇಡಿ. ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ, ಮೊದಲು ಹಿಡಿಯುವುದೇ ಅದನ್ನು.

ಬೀಗ ಹಾಕಿದ ಮನೆ ಸಿಕ್ಕರೆ ಪಕ್ಕದ ಮನೆಗೆ ಹೋಗಲೇಬೇಡಿ. ಹಗಲಲ್ಲಿ ಸಿಗದವರು ಕೆಲಸಕ್ಕೆ ಹೋಗಿರುತ್ತಾರೆ, ಅವರ ಕಥೆಯೇ ಬೇರೆ. ಮೂರು ಸಲ ಹೋಗಿ. ಆಮೇಲೂ ಸಿಗದಿದ್ದರೆ ಸಿಗಲಿಲ್ಲ ಅಂತಲೇ ಬರೆಯಿರಿ.

ಪ್ರಶ್ನಾವಳಿ ಕನ್ನಡ, ಮಲಯಾಳ ಎರಡರಲ್ಲೂ ಬೇಕು. ತುಳು ಮಾತಾಡುವವರಿಗೆ ಓದಿ ಹೇಳಬೇಕು. ಸುಮ್ನೆ "ಕನ್ನಡ ಓದಲು ಬರುವವರು ಮಾತ್ರ" ಅಂತ ಷರತ್ತು ಹಾಕಿದರೆ, ಓದು ಬಾರದ ಆ ಅಜ್ಜಿ ಮತ್ತೆ ಹೊರಗೇ ಉಳಿಯುತ್ತಾರೆ.

ಎಲ್ಲ ಅಧ್ಯಯನಕ್ಕೂ ಹೀಗೇ ಮಾಡಬೇಕಂತಿಲ್ಲ. ಎಣ್ಮಕಜೆಯಲ್ಲಿ ಎಂಡೋಸಲ್ಫಾನ್ ಪೀಡಿತ ಮಕ್ಕಳನ್ನು ನೋಡಿಕೊಳ್ಳುವ ತಾಯಂದಿರ ಅನುಭವ ಕೇಳುವುದಾದರೆ ಪರ್ಪಸಿವ್ ಸ್ಯಾಂಪ್ಲಿಂಗೇ, ಅಂದರೆ ಆ ಅನುಭವ ಇರುವವರನ್ನೇ ಹುಡುಕಿ ಆರಿಸುವುದೇ, ಸರಿ. ಅಲ್ಲಿ ಶೇಕಡಾವಾರು ಲೆಕ್ಕ ಬೇಕಿಲ್ಲ, ಹೊಸ ಮಾತು ಬರುವುದು ನಿಲ್ಲುವವರೆಗೆ ಕೇಳಬೇಕು.

ಇನ್ನೊಂದು. ಮನೆ ತೋರಿಸಲು ಆಶಾ ಬರಲಿ, ಪ್ರಶ್ನೆ ಕೇಳುವಾಗ ನೀವೊಬ್ಬರೇ ಕೂತುಕೊಳ್ಳಿ. ಅವರೆದುರು ಎಲ್ಲರೂ ಮಾತ್ರೆ ತೆಗೊಳ್ತೇವೆ ಅಂತಲೇ ಹೇಳುತ್ತಾರೆ. ಸ್ಟ್ರಿಪ್ ತೋರಿಸ್ತೀರಾ ಅಂತ ಮೆಲ್ಲಗೆ ಕೇಳಿ.