ಜಿಮ್ ಬಾಗಿಲವರೆಗೆ ಹೋಗಿ ವಾಪಸ್ ಬರುತ್ತಿದ್ದೇನೆ, ಈ ಅಂಜಿಕೆ ದಾಟುವುದು ಹೇಗೆ?

ಫೀಸು ಕಟ್ಟಿ ಮೂರು ವಾರವಾಯಿತು, ಎರಡು ಸಲ ಬಾಗಿಲವರೆಗೆ ಹೋಗಿ ತಿರುಗಿ ಬಂದೆ, ಒಳಗೆ ಹೋದ ಒಂದೇ ಒಂದು ದಿನವೂ ಹತ್ತು ನಿಮಿಷ ಟ್ರೆಡ್‌ಮಿಲ್ ಮೇಲೆ ನಡೆದು ಬಂದುಬಿಟ್ಟೆ, ಎಲ್ಲರೂ ನನ್ನನ್ನೇ ನೋಡುತ್ತಾರೆ ಅನ್ನಿಸುತ್ತೆ ಅಂತ ಬರೆದಿದ್ದೀರಿ. ಓದುವಾಗ ನನ್ನದೇ ಕಥೆ ಯಾರೋ ಹೇಳಿದ ಹಾಗಾಯಿತು. ನಾನು ಜಿಮ್‌ಗೆ ಸೇರಿದ್ದು 39ನೇ ವಯಸ್ಸಿನಲ್ಲಿ. ಅದಕ್ಕೆ ಮುಂಚೆ ಶಾಲೆಯ ಆಟದ ಪೀರಿಯಡ್ ಬಿಟ್ಟರೆ ವ್ಯಾಯಾಮ ಅಂತ ಮಾಡಿದ್ದೇ ಇಲ್ಲ. ಈಗ ನಾಲ್ಕು ವರ್ಷವಾಯಿತು. ನನಗೆ ನಿಜವಾಗಿ ಏನು ಕೆಲಸಕ್ಕೆ ಬಂತೋ ಅದನ್ನಷ್ಟೇ ಹೇಳುತ್ತೇನೆ.

ಜನ ನೋಡುತ್ತಾರೆ ಅನ್ನೋದೇ ನನ್ನ ಹೆದರಿಕೆ ಅಂತ ನಾನೂ ಬಹಳ ದಿನ ಅಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು, ಒಳಗೆ ಹೋದ ಮೇಲೆ ಮುಂದೇನು ಅಂತ ಗೊತ್ತಿಲ್ಲದೆ ನಿಲ್ಲುವುದೇ ನನ್ನನ್ನು ಹೆದರಿಸುತ್ತಿತ್ತು. ತುಂಬಿದ ಬಸ್ ಸ್ಟ್ಯಾಂಡಿನಲ್ಲಿ ನಮ್ಮ ಬಸ್ ಯಾವುದು, ಎಲ್ಲಿ ನಿಲ್ಲುತ್ತೆ ಅಂತ ಗೊತ್ತಿದ್ದರೆ ನೂರು ಜನರ ಮಧ್ಯೆಯೂ ಆರಾಮಾಗಿ ನಿಂತಿರುತ್ತೇವೆ. ಗೊತ್ತಿಲ್ಲದಿದ್ದರೆ ಒಬ್ಬರು ತಿರುಗಿ ನೋಡಿದರೂ ಮುಜುಗರ. ಜಿಮ್‌ನಲ್ಲಿ ಆಗುವುದೂ ಅದೇ.

ಒಂದು ದಿನದ ವಿಷಯ ಹೇಳಬೇಕು. ಲ್ಯಾಟ್ ಪುಲ್‌ಡೌನ್ ಮೆಷಿನ್ ನೋಡಿರುತ್ತೀರಿ, ಮೇಲಿಂದ ಉದ್ದ ಕಂಬಿ ನೇತಾಡುತ್ತಿರುತ್ತೆ, ಕೂತು ಎದೆಯವರೆಗೆ ಎಳೆಯಬೇಕು. ಎಷ್ಟು ಭಾರ ಬೇಕೋ ಆ ಪ್ಲೇಟಿನ ತೂತಿಗೆ ಒಂದು ಪಿನ್ ಸಿಕ್ಕಿಸಬೇಕು. ನನಗಿಂತ ಮುಂಚೆ ಯಾರೋ 55 ಕೆಜಿಗೆ ಪಿನ್ ಹಾಕಿ ಬಿಟ್ಟು ಹೋಗಿದ್ದರು. ನಾನು ಅದನ್ನು 15ಕ್ಕೆ ಹಾಕಬೇಕಿತ್ತು. ಪಿನ್ ಎಳೆದೆ, ಬರಲಿಲ್ಲ. ತಿರುಗಿಸಿ ಎಳೆದೆ, ಆಗಲೂ ಬರಲಿಲ್ಲ. ಅಂಗೈ ಬೆವತು ಜಾರುತ್ತಿತ್ತು. ಎದುರಿನ ಕನ್ನಡಿಯಲ್ಲಿ ನೋಡಿದರೆ ಹಿಂದೆ ಒಬ್ಬರು ಹೆಂಗಸು ನಿಂತಿದ್ದಾರೆ. ನನ್ನದು ಮುಗಿಯಿತು ಅನ್ನೋ ಹಾಗೆ ಟವೆಲ್ ತೆಗೆದುಕೊಂಡು ಎದ್ದೆ. ಅವರಿಗೆ 60 ದಾಟಿರಬೇಕು. ಹತ್ತಿರ ಬಂದು, "ಅದು ಹಾಗೆ ಬರಲ್ಲಮ್ಮ, ಮೇಲಿನ ಪ್ಲೇಟನ್ನ ಒಂಚೂರು ಎತ್ತಿ ಅಲ್ಲಾಡಿಸು. ಒಳಗಿನ ಕಂಬಿ ತೂತು ನೇರಕ್ಕೆ ಬರಬೇಕು" ಅಂದರು. ಅಲ್ಲಾಡಿಸಿದೆ. ಪಿನ್ ಸಲೀಸಾಗಿ ಕೈಗೆ ಬಂತು. 15ಕ್ಕೆ ಹಾಕಿದೆ. "ಪೂರ್ತಿ ಒಳಗೆ ಹೋಯ್ತಾ ನೋಡ್ಕೋ, ಅರ್ಧ ಹೋಗಿದ್ರೆ ಮಧ್ಯದಲ್ಲಿ ಕಳಚುತ್ತೆ" ಅಂತ ಹೇಳಿ, ತೊಡೆ ಮೇಲೆ ಕೂರುವ ಮೆತ್ತೆಯನ್ನು ನನ್ನ ಎತ್ತರಕ್ಕೆ ಇಳಿಸಿಕೊಟ್ಟು, ಪಕ್ಕದಲ್ಲಿ ಕೈ ಚಾಚಿಕೊಂಡು ತಮ್ಮ ಸರದಿಗೆ ಕಾದರು. ಅವರು ನಿಂತಿದ್ದದ್ದು ಮೆಷಿನ್‌ಗಾಗಿ. ನಾನು ಎಷ್ಟು ಕೆಜಿ ಎಳೆಯುತ್ತೇನೆ ಅನ್ನೋದು ಅವರಿಗೆ ಬೇಕಾಗಿರಲೇ ಇಲ್ಲ.

ಆ ದಿನ ಕೈ ತಡವರಿಸಿದ್ದಕ್ಕೂ ಕಾರಣವಿದೆ. ರಾಬರ್ಟ್ ಜಾಯನ್ಸ್ ಅನ್ನೋ ಮನಶ್ಶಾಸ್ತ್ರಜ್ಞರು 1965ರಲ್ಲೇ ಇದನ್ನು ವಿವರಿಸಿದ್ದಾರೆ. ಚೆನ್ನಾಗಿ ಪಳಗಿದ ಕೆಲಸವನ್ನು ಬೇರೆಯವರ ಎದುರು ಇನ್ನೂ ಚೆನ್ನಾಗಿ ಮಾಡುತ್ತೇವೆ. ಇನ್ನೂ ಕಲಿಯುತ್ತಿರುವ ಕೆಲಸವಾದರೆ ಪಕ್ಕದಲ್ಲಿ ಜನ ಇದ್ದಾಗ ಜಾಸ್ತಿ ತಪ್ಪುತ್ತೇವೆ. ಒಬ್ಬರೇ ಇದ್ದಿದ್ದರೆ ಎರಡು ನಿಮಿಷದಲ್ಲಿ ತಿಳಿಯುತ್ತಿದ್ದ ಪಿನ್ನು ಜನರ ಮುಂದೆ ತಿಳಿಯುವುದಿಲ್ಲ. ಇದರಲ್ಲಿ ನಿಮ್ಮ ದಡ್ಡತನ ಏನೂ ಇಲ್ಲ. ದಯವಿಟ್ಟು ಹಾಗೆ ಅಂದುಕೊಳ್ಳಬೇಡಿ.

ನೋಡುತ್ತಾರೆ ಅನ್ನೋ ಮಾತಿಗೂ ಬರೋಣ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಥಾಮಸ್ ಗಿಲೊವಿಚ್ ಮತ್ತು ಜೊತೆಗಾರರು 2000ದಲ್ಲಿ ಪ್ರಕಟಿಸಿದ ಒಂದು ಪ್ರಯೋಗವಿದೆ. ಬ್ಯಾರಿ ಮ್ಯಾನಿಲೋ ಅನ್ನೋ ಹಾಡುಗಾರನ ಮುಖವಿರುವ ಟೀ ಶರ್ಟ್ ತೊಡಿಸಿ ವಿದ್ಯಾರ್ಥಿಗಳನ್ನು ಒಂದು ಕೋಣೆಗೆ ಕಳಿಸಿದರು. ಆ ವಯಸ್ಸಿನವರಿಗೆ ಅದನ್ನು ಹಾಕಿಕೊಂಡು ಓಡಾಡುವುದೇ ನಾಚಿಕೆ. ಕೋಣೆಯಲ್ಲಿದ್ದವರಲ್ಲಿ ಸುಮಾರು ಅರ್ಧ ಜನ ಅದನ್ನು ಗಮನಿಸಿರುತ್ತಾರೆ ಅಂತ ತೊಟ್ಟವರು ಅಂದಾಜು ಮಾಡಿದರು. ನಿಜಕ್ಕೂ ಗಮನಿಸಿದವರು ಸುಮಾರು ಕಾಲು ಭಾಗ. ಇದಕ್ಕೆ ಸ್ಪಾಟ್‌ಲೈಟ್ ಎಫೆಕ್ಟ್ ಅಂತಾರೆ. ಜಿಮ್‌ನಲ್ಲಂತೂ ಮುಕ್ಕಾಲು ಜನ ಎಷ್ಟನೇ ಸಲ ಎತ್ತಿದೆ ಅಂತ ಮನಸ್ಸಲ್ಲೇ ಎಣಿಸುತ್ತಿರುತ್ತಾರೆ. ಒಂದು ಸೆಟ್, ಅಂದರೆ ನಿಲ್ಲಿಸದೆ ಎತ್ತುವ ಒಂದು ಸುತ್ತು, ಮುಗಿಸಿ ಉಸಿರು ಬಿಡುವಾಗ ಕಣ್ಣು ಎಲ್ಲೋ ಒಂದು ಕಡೆ ನಿಲ್ಲಬೇಕಲ್ಲ, ಅದು ನಿಮ್ಮ ಕಡೆ ನಿಂತಿರುತ್ತೆ ಅಷ್ಟೇ.

ಆದರೆ ಇದನ್ನೆಲ್ಲ ಓದಿ ನನ್ನ ಅಂಜಿಕೆ ಹೋಗಲಿಲ್ಲ. ಹೋಗಿದ್ದು ಒಂದು ಸಣ್ಣ ನೋಟ್‌ಬುಕ್‌ನಿಂದ.

ಮನೆಯಿಂದ ಹೊರಡುವ ಮುಂಚೆಯೇ, ಇವತ್ತು ಒಳಗೆ ಹೋಗಿ ಮಾಡುವುದು ಏನು ಅಂತ ಬರೆದುಕೊಳ್ಳಿ. ಮೂರೇ ಮೆಷಿನ್ ಸಾಕು. ಕಾಲಿಗೆ ಲೆಗ್ ಪ್ರೆಸ್, ತಳ್ಳುವುದಕ್ಕೆ ಚೆಸ್ಟ್ ಪ್ರೆಸ್, ಎಳೆಯುವುದಕ್ಕೆ ಲ್ಯಾಟ್ ಪುಲ್‌ಡೌನ್. ಇಷ್ಟರಲ್ಲೇ ಮೈಯ ದೊಡ್ಡ ಸ್ನಾಯುಗಳಿಗೆಲ್ಲ ಕೆಲಸ ಸಿಗುತ್ತೆ. ಜನ ಕಡಿಮೆ ಇರುವ ಹೊತ್ತು ಯಾವುದು ಅಂತ ಕೌಂಟರಿನಲ್ಲಿ ಕೇಳಿ, ಮೊದಲ ದಿನ ಆ ಹೊತ್ತಿಗೆ ಹೋಗಿ. ಟ್ರೈನರ್ ಹತ್ತಿರ ಹೀಗೇ ಕೇಳಿ: "ಇವತ್ತು ಈ ಮೂರು ಮಾತ್ರ ಹೇಳಿಕೊಡಿ. ಸೀಟು ಎಷ್ಟಕ್ಕಿಡಬೇಕು, ಕೈ ಎಲ್ಲಿ ಹಿಡೀಬೇಕು, ಎಲ್ಲಿ ನೋವಾದ್ರೆ ನಿಲ್ಲಿಸಬೇಕು?" ಸೀಟಿನ ಪಕ್ಕದ ಕಂಬಿ ಮೇಲೆ ಸಾಮಾನ್ಯವಾಗಿ ನಂಬರ್ ಇರುತ್ತೆ. ಅದನ್ನು ಬರೆದುಕೊಳ್ಳಿ. ನನ್ನ ನೋಟ್‌ಬುಕ್‌ನ ಮೊದಲ ಸಾಲು ಹೀಗಿದೆ: "ಲೆಗ್ ಪ್ರೆಸ್, ಸೀಟು 4, 20 ಕೆಜಿ, 10, 10." ಮುಂದಿನ ಸಲ ಹೋದಾಗ ಆ ಸಾಲು ನೋಡಿದೆ, ನೇರವಾಗಿ ಹೋಗಿ ಸೀಟನ್ನು 4ಕ್ಕೆ ಎಳೆದು ಕೂತೆ. ಸುತ್ತಲೂ ನೋಡುವ ಪ್ರಸಂಗವೇ ಬರಲಿಲ್ಲ. ಹೊಸಬರ ಹಾಗೆ ನಿಂತುಕೊಳ್ಳುವ ಆ ಅರ್ಧ ನಿಮಿಷ ಇಲ್ಲವಾದರೆ ಅರ್ಧ ಹೆದರಿಕೆ ಅಲ್ಲೇ ಹೋಗುತ್ತೆ, ಇದು ನನ್ನ ಅನುಭವ.

ಮೊದಲು ಐದು ಹತ್ತು ನಿಮಿಷ ನಡೆದು ಮೈ ಬಿಸಿ ಮಾಡಿಕೊಳ್ಳಿ. ಆಮೇಲೆ ಒಂದೊಂದು ಮೆಷಿನ್‌ನಲ್ಲೂ ಹತ್ತರಂತೆ ಎರಡು ಸೆಟ್. ಹತ್ತು ಮುಗಿದಾಗ ಇನ್ನೂ ಮೂರು ಮಾಡಬಹುದಿತ್ತು ಅನ್ನಿಸುವಷ್ಟು ಭಾರ ಇಟ್ಟುಕೊಳ್ಳಿ. ತಳ್ಳುವಾಗ, ಎಳೆಯುವಾಗ ಉಸಿರು ಹೊರಗೆ ಬಿಡಿ, ಬಿಗಿಹಿಡಿಯಬೇಡಿ. ಲೆಗ್ ಪ್ರೆಸ್‌ನಲ್ಲಿ ಮಂಡಿಯನ್ನು ಪೂರ್ತಿ ನೇರ ಮಾಡಿ ಬಿಗಿ ಮಾಡಬೇಡಿ. ಇಷ್ಟಕ್ಕೆ 35 ನಿಮಿಷ ಸಾಕು. ವಾರಕ್ಕೆ ಎರಡು ದಿನ, ಮಧ್ಯೆ ಒಂದೆರಡು ದಿನ ಬಿಡುವು. ಇದು ಕಡಿಮೆಯಾಯಿತು ಅಂತ ಅನ್ನಿಸಬೇಕಾಗಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ದೊಡ್ಡವರಿಗೆ ಹೇಳಿದ್ದು ವಾರಕ್ಕೆ 150ರಿಂದ 300 ನಿಮಿಷ ಬಿರುಸಾದ ನಡಿಗೆಯಂಥ ಚಟುವಟಿಕೆ, ಜೊತೆಗೆ ಕನಿಷ್ಠ ಎರಡು ದಿನ ಸ್ನಾಯುಗಳಿಗೆ ವ್ಯಾಯಾಮ. ನಡಿಗೆಯನ್ನು ಜಿಮ್‌ನ ಹೊರಗೂ ಮಾಡಬಹುದು.

ನಾಲ್ಕು ವಾರ ಆ ಮೂರನ್ನೇ ಮಾಡಿ, ಬದಲಾಯಿಸಬೇಡಿ. ಇದು ಬೇಸರದ ಸಲಹೆ ಅನ್ನಿಸಬಹುದು. ಆದರೆ ಮೊದಲ ಕೆಲವು ವಾರ ಶಕ್ತಿ ಹೆಚ್ಚುವುದು ಸ್ನಾಯು ದಪ್ಪವಾಗಿ ಅಲ್ಲ, ಇರುವ ಸ್ನಾಯುವನ್ನು ಒಟ್ಟಾಗಿ ದುಡಿಸಿಕೊಳ್ಳಲು ನರಗಳು ಕಲಿಯುವುದರಿಂದ. ಅದೇ ಚಲನೆ ಮತ್ತೆ ಮತ್ತೆ ಮಾಡಿದರೆ ಅದು ಬೇಗ ಆಗುತ್ತೆ. ನನ್ನ 20 ಕೆಜಿ ನಾಲ್ಕನೇ ವಾರಕ್ಕೆ 35 ಆಗಿತ್ತು. ಕನ್ನಡಿಯಲ್ಲಿ ಏನೂ ಬದಲಾಗಿರಲಿಲ್ಲ, ನೋಟ್‌ಬುಕ್‌ನಲ್ಲಿ ಬದಲಾಗಿತ್ತು. ಆ ದಿನ ಎಷ್ಟು ಖುಷಿಯಾಯಿತು ಅಂತ ಹೇಳಲಾರೆ.

ಬಾರ್‌ಬೆಲ್ (ಎರಡೂ ತುದಿಗೆ ಪ್ಲೇಟ್ ಹಾಕುವ ಉದ್ದ ಕಂಬಿ), ಡಂಬೆಲ್ ಇರುವ ಮೂಲೆಗೆ ಈಗಲೇ ಹೋಗಲೇಬೇಕು ಅಂತೇನಿಲ್ಲ. ಹೋಗುವ ದಿನ ಬಂದಾಗ ಒಂದು ನೆನಪಿಡಿ. ಉದ್ದದ ಒಲಿಂಪಿಕ್ ಬಾರ್ ಒಂದೇ 20 ಕೆಜಿ ಇರುತ್ತೆ, ಹೆಂಗಸರ ಬಾರ್ 15 ಕೆಜಿ. ಪ್ಲೇಟ್ ಹಾಕದೆ ಬರೀ ಬಾರ್ ಎತ್ತುತ್ತಿದ್ದೇನೆ ಅಂತ ಸಂಕೋಚಪಡಬೇಡಿ, ಅದೇ ಸಾಕಷ್ಟು ಭಾರ.

ಉಳಿದ ರೀತಿ ನೀತಿ ಒಂದು ನಿಮಿಷದಲ್ಲಿ ಕಲಿಯಬಹುದು. ಬೆವರು ಒರೆಸಿ ಏಳಿ, ಡಂಬೆಲ್ ಎತ್ತಿದ ಜಾಗದಲ್ಲೇ ಇಡಿ, ಭಾರ ಎತ್ತುತ್ತಿರುವವರನ್ನು ಮಧ್ಯದಲ್ಲಿ ಮಾತಾಡಿಸಬೇಡಿ. ಮೆಷಿನ್ ಬೇಕಿದ್ದರೆ "ಇನ್ನೂ ಎಷ್ಟು ಸೆಟ್ ಇದೆ?" ಅಂತ ಕೇಳಿ. ಈ ಒಂದು ಪ್ರಶ್ನೆ ಬಾಯಿಗೆ ಬಂದರೆ ನೀವು ಅಲ್ಲಿಯವರೇ.

ಮೈ ನೋವಿನ ಬಗ್ಗೆ ಮೊದಲೇ ಹೇಳಿಬಿಡುತ್ತೇನೆ, ತುಂಬಾ ಜನ ಬಿಟ್ಟುಹೋಗುವುದು ಅಲ್ಲೇ. ಮಾಡಿದ ದಿನ ಏನೂ ಅನ್ನಿಸಲ್ಲ. ಮಾರನೇ ದಿನ, ಅದರ ಮಾರನೇ ದಿನ ಜೋರಾಗಿ ನೋಯುತ್ತೆ. ಸಾಮಾನ್ಯವಾಗಿ 24ರಿಂದ 72 ಗಂಟೆಯೊಳಗೆ ಅದು ಹೆಚ್ಚು. ಲ್ಯಾಕ್ಟಿಕ್ ಆಸಿಡ್ ಅಂತ ಯಾರಾದರೂ ಹೇಳಬಹುದು, ಅದಲ್ಲ. ಅಭ್ಯಾಸವಿಲ್ಲದ ಸ್ನಾಯು, ಅದರಲ್ಲೂ ಭಾರವನ್ನು ಕೆಳಗಿಳಿಸುವಾಗ, ಸೂಕ್ಷ್ಮವಾಗಿ ಗಾಸಿಯಾಗುವುದರಿಂದ ಬರುವ ನೋವು. ಎರಡನೇ, ಮೂರನೇ ಸಲಕ್ಕೆ ತಾನಾಗೇ ಕಡಿಮೆಯಾಗುತ್ತೆ. ಆದರೆ ಕೀಲಿನಲ್ಲಿ ಚುಚ್ಚಿದ ಹಾಗಾದರೆ, ಎದೆ ಬಿಗಿದರೆ, ತಲೆ ಸುತ್ತಿದರೆ ಅಲ್ಲಿಗೇ ನಿಲ್ಲಿಸಿ. ಸ್ನಾಯು ಊದಿ ಮೂತ್ರ ಕಡು ಕಂದು ಬಣ್ಣಕ್ಕೆ ತಿರುಗಿದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಬಿಪಿ, ಹೃದಯದ ತೊಂದರೆ ಮುಂಚೆಯೇ ಇದ್ದರೆ ಡಾಕ್ಟರನ್ನು ಕೇಳಿಯೇ ಶುರು ಮಾಡಿ.

ಎಲ್ಲಾ ಹೆದರಿಕೆಯೂ ನಮ್ಮ ಕಲ್ಪನೆ ಅಂತ ನಾನು ಹೇಳಲ್ಲ. ನನ್ನ ಮೊದಲ ಟ್ರೈನರ್ ಮೊದಲ ದಿನವೇ ನೂರು ಸ್ಕ್ವಾಟ್ ಹೊಡೆಸಿ, ಎಲ್ಲರಿಗೂ ಕೇಳುವ ಹಾಗೆ "ಇಷ್ಟಕ್ಕೇ ಸುಸ್ತಾ?" ಅಂದರು. ನಾಲ್ಕು ದಿನ ಗೋಡೆ ಹಿಡಿದು ಮೆಟ್ಟಿಲು ಇಳಿದೆ. ಹೊಸಬರಿಗೆ ಹೀಗೆ ಮಾಡುವುದು ತಪ್ಪು, ಇವತ್ತಿಗೂ ನನಗೆ ಅದರ ಬಗ್ಗೆ ಸಿಟ್ಟಿದೆ. ಮುಂದಿನ ಸಲ "ನನಗೆ ನಿಧಾನವಾಗಿ ಬೇಕು, ಇಲ್ಲಾಂದ್ರೆ ಬೇರೆಯವರ ಹತ್ತಿರ ಕಲೀತೀನಿ" ಅಂದೆ. ಬೇರೆಯವರನ್ನೇ ಕೊಟ್ಟರು. ಯಾರಾದರೂ ದಿಟ್ಟಿಸಿ ನೋಡಿದರೆ, ಮೈ ಬಗ್ಗೆ ಮಾತಾಡಿದರೆ, ಕೇಳದೆ ಫೋಟೋ ತೆಗೆದರೆ ಸುಮ್ನೆ ಸಹಿಸಿಕೊಳ್ಳಬೇಡಿ. ಕೌಂಟರಿನಲ್ಲಿ ಹೇಳಿ. ಅವರು ಕಿವಿಗೆ ಹಾಕಿಕೊಳ್ಳದಿದ್ದರೆ ಆ ಜಿಮ್ ಬಿಡಿ. ಬಿಡಬೇಕಾಗಿರುವುದು ಆ ಜಾಗ, ವ್ಯಾಯಾಮ ಅಲ್ಲ.

21 ದಿನದಲ್ಲಿ ಅಭ್ಯಾಸವಾಗುತ್ತೆ ಅನ್ನೋ ಮಾತನ್ನು ನಂಬಿ ಕೂರಬೇಡಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ಮತ್ತು ಜೊತೆಗಾರರು 96 ಜನರನ್ನು ಗಮನಿಸಿದಾಗ, ಒಂದು ಕೆಲಸ ತಾನಾಗೇ ಆಗುವ ಮಟ್ಟಕ್ಕೆ ಬರಲು ಸರಾಸರಿ 66 ದಿನ ಹಿಡಿಯಿತು. ಒಬ್ಬೊಬ್ಬರದು 18ರಿಂದ 254 ದಿನದವರೆಗೂ ಇತ್ತು. ಮಧ್ಯೆ ಒಂದು ದಿನ ತಪ್ಪಿದರೆ ದೊಡ್ಡ ವ್ಯತ್ಯಾಸವೇನೂ ಆಗಲಿಲ್ಲ. ಅಂದಮೇಲೆ ಎರಡು ಸಲ ಬಾಗಿಲಿನಿಂದ ವಾಪಸ್ ಬಂದದ್ದು ಲೆಕ್ಕಕ್ಕೇ ಇಲ್ಲ, ಅಲ್ವಾ?

ಈ ವಾರವೇ ಒಂದು ದಿನ, ಜನ ಕಡಿಮೆ ಇರುವ ಹೊತ್ತು ನೋಡಿ ಹೋಗಿ. ನೋಟ್‌ಬುಕ್, ಟವೆಲ್, ನೀರಿನ ಬಾಟಲಿ ಸಾಕು. ಬಂದ ಮೇಲೆ ಯಾವ ಮೆಷಿನ್‌ನಲ್ಲಿ ಏನು ತಿಳಿಯಲಿಲ್ಲ, ಸೀಟು ಎಷ್ಟಕ್ಕಿತ್ತು ಅಂತ ಇಲ್ಲೇ ಬರೆಯಿರಿ. ನನಗೆ ಗೊತ್ತಿರುವಷ್ಟು ಖಂಡಿತ ಹೇಳುತ್ತೇನೆ.