ಓದುಗರ ಪ್ರಶ್ನೆ: ಅಮೆರಿಕದ ಬೀಗರ ವಂಶಾವಳಿ

ಪ್ರಶ್ನೆ: ನನ್ನ ಸೊಸೆ ಮ್ಯಾಸಚೂಸೆಟ್ಸ್‌ನವಳು. ಅವರ ಮೂಲಪುರುಷ 1630ರ ಸುಮಾರಿಗೆ ಇಂಗ್ಲೆಂಡಿನಿಂದ ಹಡಗಿನಲ್ಲಿ ಬಂದನೆಂದು ಅವರ ಮನೆಯವರು ಹೇಳುತ್ತಾರೆ. ಮೊಮ್ಮಗಳಿಗೆ ಎರಡೂ ಕಡೆಯ ವಂಶಾವಳಿ ಬರೆದಿಡುವ ಆಸೆ. ಅದೇ ಮನೆತನದ್ದೆಂದು ಅಂತರ್ಜಾಲದಲ್ಲಿ ಸಿದ್ಧ ವಂಶವೃಕ್ಷವೊಂದು ಸಿಕ್ಕಿದೆ. ನಂಬಬಹುದೇ? ಇಲ್ಲೇ ಕೂತು ಹುಡುಕಲು ಆಗುತ್ತದೆಯೇ?
– ನಿವೃತ್ತ ಶಿಕ್ಷಕಿ, ಚಿಂತಾಮಣಿ

ಉತ್ತರ: ಸುಳಿವೆಂದು ಇಟ್ಟುಕೊಳ್ಳಿ, ನಕಲು ಮಾಡಬೇಡಿ. ಸೈಟು ಕೊಳ್ಳುವಾಗ ಮೂಲಪತ್ರದ ತನಕ ಒಂದೊಂದೇ ಕ್ರಯಪತ್ರ ನೋಡುತ್ತೇವಲ್ಲ, ಹಾಗೆ ಪ್ರತಿ ತಲೆಮಾರಿನ ಕೊಂಡಿಗೂ ಒಂದು ದಾಖಲೆ ಬೇಕು. 1630ರಿಂದ ಕೆಳಗಿಳಿಯಬೇಡಿ. ಸೊಸೆಯ ತಂದೆತಾಯಿಯಿಂದ ಮೇಲಕ್ಕೆ ಹೋಗಿ.

ಅಲ್ಲಿ 1790ರಿಂದ ಹತ್ತು ವರ್ಷಕ್ಕೊಮ್ಮೆ ಜನಗಣತಿ ನಡೆದಿದೆ. ಹೆಸರುಗಳನ್ನು 72 ವರ್ಷ ಗುಟ್ಟಾಗಿಡುವುದರಿಂದ ಸದ್ಯ 1950ರವರೆಗಿನದು ನೋಡಲು ಸಿಗುತ್ತದೆ. ಫ್ಯಾಮಿಲಿಸರ್ಚ್ ತಾಣದಲ್ಲಿ ಉಚಿತ ಖಾತೆ ತೆರೆದರೆ ಮನೆಯಿಂದಲೇ ಬಹಳಷ್ಟು ಆಗುತ್ತದೆ. ಯಜಮಾನನಿಗೆ ಯಾರು ಏನಾಗಬೇಕು ಎಂದು ಬರೆಯತೊಡಗಿದ್ದು 1880ರಲ್ಲಿ. 1850ರಿಂದ 1870ರವರೆಗೆ ಮನೆಯವರೆಲ್ಲರ ಹೆಸರು, ವಯಸ್ಸು ಮುಂತಾದವು ಇವೆ, ಸಂಬಂಧ ಮಾತ್ರ ಇಲ್ಲ. ಅದೇ ಮನೆಯಲ್ಲಿರುವ ಹುಡುಗ ಮಗನೋ ಅಣ್ಣನ ಮಗನೋ ತಿಳಿಯದು. 1850ಕ್ಕೆ ಮೊದಲು ಯಜಮಾನನ ಹೆಸರು ಮಾತ್ರ. 1890ರ ಗಣತಿ ಬಹುತೇಕ ಇಲ್ಲ. 1921ರಲ್ಲಿ ವಾಷಿಂಗ್ಟನ್ನಿನಲ್ಲಿ ಬೆಂಕಿಗೆ ಸಿಕ್ಕಿತು. ಅಂಥ ಕಡೆ ಜನನ, ಮದುವೆ, ಮರಣದ ದಾಖಲೆ ಹಿಡಿಯಿರಿ. ಮ್ಯಾಸಚೂಸೆಟ್ಸ್ ರಾಜ್ಯ ಇವನ್ನು 1841ರಿಂದ ನೋಂದಾಯಿಸುತ್ತಿದೆ. ಅದಕ್ಕೂ ಹಿಂದಿನವು ಆಯಾ ಊರಿನ ಗುಮಾಸ್ತರ ಪುಸ್ತಕಗಳಲ್ಲಿವೆ.

ಇನ್ನೂ ಹಿಂದಕ್ಕೆ ಹೋದರೆ ಆಧಾರ ಉಯಿಲು ಮತ್ತು ಜಮೀನು ಪತ್ರಗಳು. ಮದುವೆಯಾದ ಹೆಣ್ಣುಮಕ್ಕಳನ್ನು ಗಂಡನ ಹೆಸರಿನೊಂದಿಗೆ ಕಾಣಿಸಿದ ಒಂದೇ ಉಯಿಲು ಎಷ್ಟೋ ಗಂಟು ಬಿಡಿಸುತ್ತದೆ.

ಎಡವುವುದು ಎಲ್ಲಿ? ಸೀನಿಯರ್, ಜೂನಿಯರ್ ಎಂದಿದ್ದರೆ ಅಪ್ಪ–ಮಗ ಎಂದು ತಿಳಿಯಬೇಡಿ. ಒಂದೇ ಊರಿನ ಒಂದೇ ಹೆಸರಿನ ಇಬ್ಬರಲ್ಲಿ ಹಿರಿಯ, ಕಿರಿಯ ಎಂದಷ್ಟೇ ಇರಬಹುದು. ಹಿರಿಯ ಸತ್ತ ಮೇಲೆ ಕಿರಿಯನೇ ಸೀನಿಯರ್ ಆಗುವುದುಂಟು. ಇನ್ನೊಂದು, ತಾರೀಕು. 1752ಕ್ಕೆ ಮೊದಲು ಅವರ ಹೊಸ ವರ್ಷ ಮಾರ್ಚ್ 25ಕ್ಕೆ. ಮದುವೆ 1640ರ ಏಪ್ರಿಲ್, ಮಗು 1640ರ ಫೆಬ್ರವರಿ ಎಂದಿದ್ದರೆ ಗಾಬರಿ ಬೇಡ: ಆ ಫೆಬ್ರವರಿ ನಮ್ಮ ಲೆಕ್ಕಕ್ಕೆ 1641, ಮಗು ಹುಟ್ಟಿದ್ದು ಮದುವೆಯಾದ ಹತ್ತು ತಿಂಗಳಿಗೆ. ‘12ನೇ ತಿಂಗಳು’ ಎಂದು ಬರೆದಿದ್ದರೂ ಫೆಬ್ರವರಿಯೇ. ಮೂಲದಲ್ಲಿ ಇದ್ದಂತೆಯೇ ಬರೆದು, ಪಕ್ಕದಲ್ಲಿ 1640/41 ಎಂದು ಹಾಕಿ.

ಹಡಗಿನ ಪಟ್ಟಿಯಲ್ಲಿ ಹೆಸರಿಲ್ಲವೆಂದು ಕೈಬಿಡಬೇಡಿ. ಪ್ರಯಾಣಿಕರ ಪಟ್ಟಿಯನ್ನು ಅಮೆರಿಕ ಸರ್ಕಾರ ಕ್ರಮವಾಗಿ ಪಡೆಯತೊಡಗಿದ್ದು 1820ರಿಂದ. ಬಾಸ್ಟನ್ನಿನಲ್ಲಿ 1845ರಲ್ಲಿ ಶುರುವಾದ ನ್ಯೂ ಇಂಗ್ಲೆಂಡ್ ವಂಶಚರಿತ್ರೆ ಸಂಘದ ‘ಗ್ರೇಟ್ ಮೈಗ್ರೇಶನ್’ ಸಂಪುಟಗಳನ್ನು ತಪ್ಪದೆ ನೋಡಿ. 1620ರಿಂದ 1635ರೊಳಗೆ ಬಂದವರ ಬಗ್ಗೆ ಅಷ್ಟು ಕಟ್ಟುನಿಟ್ಟಾಗಿ ದಾಖಲೆ ತೂಗಿ ನೋಡಿದ ಕೆಲಸ ಅಪರೂಪ.

ಪ್ರಶ್ನೆ: ಡಿಎನ್‌ಎ ಪರೀಕ್ಷೆ ಮಾಡಿಸಿದರೆ ಸಾಲದೇ?

ಉತ್ತರ: ಸಾಲದು. ಹನ್ನೆರಡು ತಲೆಮಾರು ಹಿಂದಿನ ಒಬ್ಬ ಪೂರ್ವಿಕನ ಅಂಶ ಸಾಮಾನ್ಯ ಪರೀಕ್ಷೆಯಲ್ಲಿ ಕಾಣದೇ ಇರಬಹುದು. ಮೂಲಪುರುಷನಿಂದ ಗಂಡುಮಕ್ಕಳ ಸಾಲಿನಲ್ಲೇ ಇಳಿದ ಮನೆತನವಾದರೆ, ಸೊಸೆಯ ತಂದೆಯೋ ಅಣ್ಣತಮ್ಮಂದಿರೋ ವೈ-ಡಿಎನ್‌ಎ (ತಂದೆಯಿಂದ ಮಗನಿಗೆ ಮಾತ್ರ ಇಳಿಯುವ ಡಿಎನ್‌ಎ) ಪರೀಕ್ಷೆ ಮಾಡಿಸಬಹುದು. ಅದೇ ಮೂಲಪುರುಷನ ಇನ್ನೊಂದು ಕವಲಿನ ಗಂಡಸಿನ ಫಲಿತಾಂಶದೊಂದಿಗೆ ಹೋಲಿಸಿದರೆ ಮಾತ್ರ ಅದಕ್ಕೆ ಅರ್ಥ.