ಓದುಗರ ಪ್ರಶ್ನೆ: ಕತ್ತಲ ಕಥೆಗಳನ್ನು ಓದುವ ಬಗೆ

ಪ್ರಶ್ನೆ: ಭಯಾನಕ ಕಥೆಗಳ ಸಂಕಲನವೊಂದರಲ್ಲಿ ಒಂದೇ ರಾತ್ರಿ ಐದು ಕಥೆ ಓದಿದೆ. ಮೊದಲೆರಡಕ್ಕೆ ಮೈ ಜುಮ್ಮೆಂದಿತು, ಉಳಿದವು ಸಪ್ಪೆ ಎನಿಸಿದವು. ತಪ್ಪು ಕಥೆಗಳದೋ, ನನ್ನದೋ?

ಉತ್ತರ: ಐದನ್ನು ಒಟ್ಟಿಗೆ ಓದಿದ್ದೇ ಎಡವಟ್ಟು. ಕಾದಂಬರಿಯಲ್ಲಿ ಭಯ ಅಧ್ಯಾಯದಿಂದ ಅಧ್ಯಾಯಕ್ಕೆ ಕೂಡುತ್ತಾ ಹೋಗುತ್ತದೆ; ಸಣ್ಣಕಥೆ ಪ್ರತಿಸಲವೂ ಸೊನ್ನೆಯಿಂದ ಏರಬೇಕು. ಮೂರನೆಯ ಕಥೆಗೆ ಬರುವಷ್ಟರಲ್ಲಿ ನೀವು ಮೊದಲ ಸಾಲಿನಿಂದಲೇ ‘ಈಗೇನೋ ಆಗುತ್ತೆ’ ಎಂದು ಕಾಯತೊಡಗಿರುತ್ತೀರಿ. ಕಾದು ಕೂತವರನ್ನು ಬೆಚ್ಚಿಬೀಳಿಸುವುದು ಕಷ್ಟ. ದಿನಕ್ಕೊಂದು ಸಾಕು. ಆದರೆ ಆ ಒಂದನ್ನು ನಡುವೆ ಎದ್ದು ಹೋಗದೆ ಮುಗಿಸಿ. ಅಮೆರಿಕದ ಕಥೆಗಾರ ಎಡ್ಗರ್ ಅಲನ್ ಪೋ 1842ರ ವಿಮರ್ಶೆಯೊಂದರಲ್ಲಿ ಅರ್ಧ ಗಂಟೆಯಿಂದ ಎರಡು ಗಂಟೆಯೊಳಗೆ ಓದಿ ಮುಗಿಯುವ ಕಥೆಯನ್ನು ಎತ್ತಿಹಿಡಿದದ್ದು ಇದಕ್ಕೇ: ಓದು ತುಂಡಾದರೆ ಪರಿಣಾಮವೂ ತುಂಡಾಗುತ್ತದೆ. ಮುಗಿಸಿದ ಮೇಲೆ ಮೊದಲ ಪುಟಕ್ಕೆ ಮರಳಿ. ಬೀಗ ಹಾಕಿದ ಕೋಣೆ, ಯಾರೂ ಹೆಸರೆತ್ತದ ಮಗು, ಹೀಗೆ ಕಣ್ಣು ಜಾರಿಸಿ ಹೋದ ಯಾವುದೋ ವಿವರ ಈಗ ಬೇರೆಯದೇ ಮಾತಾಡುತ್ತದೆ. ಒಳ್ಳೆಯ ಕಥೆಯ ನಡುಕ ಹುಟ್ಟುವುದು ಬಹಳ ಸಲ ಈ ಎರಡನೆಯ ಓದಿನಲ್ಲೇ.

ಪ್ರಶ್ನೆ: ಕೆಲವು ಕಥೆಗಳಲ್ಲಿ ಕಂಡದ್ದು ದೆವ್ವವೋ, ಕಥೆ ಹೇಳುವ ನಿರೂಪಕಿಯ ಭ್ರಮೆಯೋ ಕೊನೆಗೂ ತಿಳಿಯುವುದಿಲ್ಲ. ಅರ್ಥಮಾಡಿಕೊಳ್ಳುವುದು ಹೇಗೆ?

ಉತ್ತರ: ತೀರ್ಮಾನಿಸಲು ಅವಸರ ಬೇಡ. ವಿಮರ್ಶಕ ತ್ಸ್ವೆತಾನ್ ತೊಡೊರೊವ್ 1970ರಲ್ಲಿ ಹೇಳಿದಂತೆ, ಆ ಅನುಮಾನ ಉಳಿದಿರುವಷ್ಟು ಹೊತ್ತು ಮಾತ್ರ ಈ ಬಗೆಯ ಕಥೆಗೆ ಜೀವ. ಪೆನ್ಸಿಲ್ ಹಿಡಿದು ಮೂರು ಸಂಗತಿ ಗುರುತಿಸಿ: ಕಥೆಯನ್ನು ಯಾರಿಗೆ ಹೇಳಲಾಗುತ್ತಿದೆ, ಘಟನೆ ನಡೆದು ಎಷ್ಟು ಕಾಲವಾದ ಮೇಲೆ, ಎಲ್ಲಿ ಹೊತ್ತು ದಿಢೀರನೆ ಜಿಗಿಯುತ್ತದೆ. ವಿಚಿತ್ರವನ್ನು ನಿರೂಪಕಿಯಲ್ಲದೆ ಮತ್ತೊಬ್ಬರೂ ಕಂಡರೇ ಎಂಬುದನ್ನೂ ನೋಡಿ. ಆಮೇಲೆ ‘ದೆವ್ವವೇ’ ಎಂದುಕೊಂಡು ಒಮ್ಮೆ, ‘ಭ್ರಮೆಯೇ’ ಎಂದುಕೊಂಡು ಒಮ್ಮೆ ಓದಿ. ಎರಡಕ್ಕೂ ಪುರಾವೆ ಸಿಕ್ಕರೆ ಅಸ್ಪಷ್ಟತೆ ಬೇಕೆಂದೇ ಕಟ್ಟಿದ್ದು. ಎರಡಕ್ಕೂ ಸಿಗದಿದ್ದರೆ ಲೇಖಕರಿಗೇ ಕೊನೆ ಹೊಳೆದಿಲ್ಲ. ಸಿಟ್ಟಾಗಲು ನಿಮಗೆ ಹಕ್ಕಿದೆ.

ಪ್ರಶ್ನೆ: ರಕ್ತ, ಕೊಳೆತ ಹೆಣ ಓದಿದರೆ ವಾಕರಿಕೆ ಬರುತ್ತದೆ. ಈ ಪ್ರಕಾರವೇ ನನಗಲ್ಲವೇ?

ಉತ್ತರ: ಅದು ಭಯಾನಕವಲ್ಲ, ಬೀಭತ್ಸ. ಭಯಾನಕ ರಸಕ್ಕೆ ಸ್ಥಾಯಿ, ಅಂದರೆ ತಳದಲ್ಲಿ ನೆಲೆನಿಂತ ಭಾವ, ಭಯ; ಬೀಭತ್ಸಕ್ಕೆ ಜುಗುಪ್ಸೆ. ನಾಟ್ಯಶಾಸ್ತ್ರವೇ ಎರಡನ್ನೂ ಬೇರೆಯಿಟ್ಟಿದೆ. ಹಲವರ ಕಥೆಗಳ ಸಂಕಲನವಾದರೆ ಅಂಥವನ್ನು ದಾಟಿ ಮುಂದೆ ಹೋಗಿ. ಒಬ್ಬರದೇ ಸಂಕಲನವಾದರೆ ಕಥೆಗಳ ಅನುಕ್ರಮವನ್ನು ಹೆಚ್ಚು ಕೆಡಿಸಬೇಡಿ. ಮುನ್ನುಡಿಯನ್ನು ಮಾತ್ರ ಕೊನೆಗೆ ಓದಿ, ಗುಟ್ಟೆಲ್ಲ ಅಲ್ಲೇ ರಟ್ಟಾಗಿರುತ್ತದೆ.